ಲೋಕಾಂತ್ಯದ ಕಥೆಗಳು ಮತ್ತು ನಮ್ಮ ಮಕ್ಕಳು

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಸಂಸ್ಥೆಯ ಪರವಾಗಿ ನೀಡಿದ ಮಾಹಿತಿ ಉಪನ್ಯಾಸದ ಬರಹರೂಪ)



ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಮಾತು ಬರುವುದು ಉಳಿತಾಯ, ಆಂತರಿಕ ಸಾಲ, ಕಂತು, ಬ್ಯಾಂಕಿನ ಓಡಾಟ, ಹಸು, ಮಲ್ಲಿಗೆ, ಟೈಲರಿಂಗ್ ಇವುಗಳ ಬಗ್ಗೆ. ಇವತ್ತು ಮಕ್ಕಳು ಓದುವ ಒಂದು ಬಗೆಯ ಕಥೆ ಪುಸ್ತಕದ ಬಗ್ಗೆ ಮಾತಾಡ್ತೇವೆ ಎಂದಾಗ ‘ಇದಕ್ಕೂ ಸಂಘಕ್ಕೂ ಏನು ಸಂಬಂಧ?’ ಎಂದು ಕೆಲವರು ಕೇಳಿದ್ದೂ ಉಂಟು. ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಒಂದು ಸಂಘದ ಸದಸ್ಯೆ ನಮ್ಮ ಹತ್ತಿರ ಹೇಳಿದ್ದು ಇಷ್ಟು. ಅವರ ಮಗಳು ಎಂಟನೇ ಕ್ಲಾಸು, ಓದಿನಲ್ಲಿ ಚುರುಕು. ವಿದೇಶದಲ್ಲಿರುವ ಸಂಬಂಧಿಕರು ರಜೆಗೆ ಬಂದಾಗ ಇಂಗ್ಲಿಷ್ ಕಥೆ ಪುಸ್ತಕಗಳ ಒಂದು ಕಟ್ಟು ಕೊಟ್ಟು ಹೋದರು. ಯೇಸುವಿನ ಹೆಸರಿದೆ, ಬೈಬಲಿನ ಮಾತಿದೆ, ಒಳ್ಳೆಯದೇ ಇರಬೇಕು ಎಂದು ತಾಯಿ ಸುಮ್ಮನಿದ್ದರು. ಒಂದು ತಿಂಗಳೊಳಗೆ ಹುಡುಗಿ ರಾತ್ರಿ ಎದ್ದು, ಅಪ್ಪ ಅಮ್ಮ ಹಾಸಿಗೆಯಲ್ಲಿ ಇದ್ದಾರೋ ಇಲ್ಲವೋ ಎಂದು ನೋಡಿ ಬರಲು ಶುರು ಮಾಡಿದಳು. ಒಂದು ಸಂಜೆ ಸಂಘದ ಸಭೆ ಮುಗಿಯುವಾಗ ತಡವಾಯಿತು. ತಾಯಿ ಮನೆಗೆ ಬಂದು ನೋಡಿದರೆ ಮಗಳು ಜಗಲಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳಂತೆ. ಅದಕ್ಕಿಂತಲೂ ತಾಯಿಯ ಮನಸ್ಸಿಗೆ ನಾಟಿದ್ದು ಅವಳು ಕೇಳಿದ ಒಂದು ಪ್ರಶ್ನೆ. ಪಕ್ಕದ ಮನೆಯ ಅಕ್ಕ ಅದೇ ಸಂಘದ ಕೋಶಾಧಿಕಾರಿ, ಹಿಂದೂಗಳು. ಇದೇ ಮಗು ಹುಟ್ಟಿದಾಗ ಬಾಣಂತಿಗೆ ಬಿಸಿನೀರು ಕಾಯಿಸಿ ಹಾಕಿದವರು. ‘ಅಮ್ಮಾ, ಅವರು ಹಿಂದೆ ಉಳಿಯುವವರಾ?’ ಎಂದು ಮಗಳು ಕೇಳಿದಳು.

ಈ ‘ಹಿಂದೆ ಉಳಿಯುವುದು’ ಎಂಬ ಮಾತು ಎಲ್ಲಿಂದ ಬಂತು ಎಂದು ನೋಡೋಣ. ಅಮೆರಿಕದಲ್ಲಿ 1995ರಲ್ಲಿ ‘ಲೆಫ್ಟ್ ಬಿಹೈಂಡ್’ ಎಂಬ ಕಾದಂಬರಿ ಪ್ರಕಟವಾಯಿತು. ಅಂದರೆ ‘ಹಿಂದೆ ಬಿಟ್ಟುಹೋದವರು’. ಬರೆದವರು ಇಬ್ಬರು. ಟಿಮ್ ಲಹೇ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ವಿಷಯ ಕೊಟ್ಟವರು, ಜೆರ್ರಿ ಜೆಂಕಿನ್ಸ್ ಎಂಬ ಲೇಖಕರು ಕಥೆ ಕಟ್ಟಿದವರು. ಇದು 2007ರವರೆಗೆ 16 ಪುಸ್ತಕಗಳ ಸರಣಿಯಾಗಿ ಬೆಳೆಯಿತು. ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ದೊಡ್ಡವರ ಪುಸ್ತಕ ಹೀಗೆ ಹೋಗುವುದನ್ನು ನೋಡಿ, 1998ರಲ್ಲಿ ಅದೇ ಕಥೆಯನ್ನು ಮಕ್ಕಳಿಗಾಗಿ ‘ಲೆಫ್ಟ್ ಬಿಹೈಂಡ್: ದ ಕಿಡ್ಸ್’ ಎಂಬ ಹೆಸರಿನಲ್ಲಿ ಶುರು ಮಾಡಿದರು. 2004ರೊಳಗೆ ಇದರಲ್ಲಿ 40 ಸಣ್ಣ ಪುಸ್ತಕಗಳು ಬಂದವು. ಸಿನಿಮಾಗಳೂ ಬಂದವು, 2006ರಲ್ಲಿ ಕಂಪ್ಯೂಟರ್ ಆಟವೂ ಬಂತು. ಈಗ ಪುಸ್ತಕ ಕೈಗೆ ಸಿಗದ ಮಗುವಿಗೂ ಮೊಬೈಲಿನಲ್ಲಿ ಇದೇ ಕಥೆಯ ತುಣುಕುಗಳು ಸಿಗುತ್ತವೆ. (ಇನ್ನೊಂದು ಮಾತು: ನಮ್ಮಲ್ಲಿ ಅನೇಕರು ಮೆಚ್ಚಿ ನೋಡುವ ‘ದಿ ಚೋಸನ್’ ಧಾರಾವಾಹಿಯನ್ನು ಮಾಡಿದವರು ಇದೇ ಜೆಂಕಿನ್ಸರ ಮಗ. ಆದ್ದರಿಂದ ಆ ಮನೆಯಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ.)

ಕಥೆ ಹೀಗಿದೆ. ಒಂದು ಕ್ಷಣದಲ್ಲಿ ಲೋಕದ ನಿಜವಾದ ವಿಶ್ವಾಸಿಗಳೆಲ್ಲ ಮಾಯವಾಗುತ್ತಾರೆ. ಉಟ್ಟ ಬಟ್ಟೆ ಮಾತ್ರ ಅಲ್ಲೇ ಬಿದ್ದಿರುತ್ತದೆ. ಹಸುಗೂಸುಗಳು, ಸಣ್ಣ ಮಕ್ಕಳು ಎಲ್ಲರೂ ಹೋಗುತ್ತಾರೆ. ಉಳಿದವರಿಗೆ ಮುಂದೆ ಏಳು ವರ್ಷ ಭೂಕಂಪ, ಯುದ್ಧ, ರೋಗ, ಬೆಂಕಿ. ಮಕ್ಕಳ ಸರಣಿಯಲ್ಲಿ ಜಡ್, ವಿಕಿ, ಲಯನಲ್, ರಯಾನ್ ಎಂಬ ನಾಲ್ವರು, 12ರಿಂದ 16 ವರ್ಷದವರು, ಅಮೆರಿಕದ ಇಲಿನಾಯ್ ರಾಜ್ಯದ ಒಂದು ಪಟ್ಟಣದಲ್ಲಿ ಹೀಗೆ ಉಳಿದುಹೋಗುತ್ತಾರೆ. ಜಡ್ ಅಪ್ಪನ ಕ್ರೆಡಿಟ್ ಕಾರ್ಡ್ ಕದ್ದು ವಿಮಾನ ಹತ್ತಿದವನು. ವಿಕಿ ತಂದೆ ತಾಯಿಯ ಪ್ರಾರ್ಥನೆಯನ್ನು ಗೇಲಿ ಮಾಡಿ, ರಾತ್ರಿ ತಡವಾಗಿ ಬಂದು ಮಲಗಿದವಳು. ಬೆಳಿಗ್ಗೆ ನೋಡಿದರೆ ಮನೆ ಖಾಲಿ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಈ ಪುಸ್ತಕಗಳು ಸರಸರನೆ ಓದಿಸಿಕೊಂಡು ಹೋಗುತ್ತವೆ. ಪುಸ್ತಕ ಮುಟ್ಟದ ಮಕ್ಕಳೂ ಓದುತ್ತಾರೆ. ತಂದೆ ತಾಯಿ ಇಲ್ಲದ ನಾಲ್ವರು ಒಬ್ಬರಿಗೊಬ್ಬರು ಆಸರೆಯಾಗುವುದು, ಸುಮ್ಮನೆ ಹೆಸರಿಗೆ ಕ್ರೈಸ್ತರಾದರೆ ಸಾಲದು ಎಂಬ ಮಾತು, ಇವು ಕೆಟ್ಟವಲ್ಲ. ಓದುವ ಮಗುವನ್ನು ಬೈಯಬೇಡಿ.

ಆದರೆ ಇವುಗಳಲ್ಲಿ ಇರುವ ಕೊರತೆ ಸಣ್ಣದಲ್ಲ. ಮೊದಲನೆಯದು ಹೆದರಿಕೆ. ಹೆದರಿಕೆಯ ಕಥೆ ಮಕ್ಕಳಿಗೆ ಬೇಡ ಎಂದು ಯಾರೂ ಹೇಳುವುದಿಲ್ಲ. ನಮ್ಮ ಅಜ್ಜಿಯರೂ ದೆವ್ವದ ಕಥೆ ಹೇಳಿದ್ದಾರೆ, ಕೇಳಿ ನಾವು ಸೆರಗು ಹಿಡಿದುಕೊಂಡು ಮಲಗಿದ್ದೇವೆ. ಆದರೆ ದೆವ್ವದ ಕಥೆ ಮುಗಿದ ಮೇಲೆ ಅಜ್ಜಿ ಪಕ್ಕದಲ್ಲಿ ಇರುತ್ತಿದ್ದರು. ಈ ಕಥೆಯಲ್ಲಿ ಮಾಯವಾಗುವುದು ಅಜ್ಜಿಯೇ, ಅಮ್ಮನೇ. ಅದೂ ದೆವ್ವ ಹಿಡಿದಲ್ಲ, ದೇವರೇ ಕರೆದುಕೊಂಡು ಹೋಗುವುದು. ಹಾಗಾದಾಗ ಮಗು ಯಾರನ್ನು ಕೂಗಬೇಕು? ಸಣ್ಣ ಮಕ್ಕಳೆಲ್ಲ ಹೋದರು, 12 ವರ್ಷದವನು ಉಳಿದ ಎಂದರೆ, ಹತ್ತಾಗಿ ಹನ್ನೊಂದಾಗಿ ಹನ್ನೆರಡು ತುಂಬುತ್ತಿರುವ ಮಗು ತನ್ನ ಹುಟ್ಟುಹಬ್ಬವನ್ನು ಹೇಗೆ ನೋಡಬೇಕು ಹೇಳಿ. ಅಮೆರಿಕದಲ್ಲಿ 1972ರಲ್ಲಿ ‘ಎ ಥೀಫ್ ಇನ್ ದ ನೈಟ್’ ಎಂಬ ಇದೇ ರೀತಿಯ ಸಿನಿಮಾವನ್ನು ಚರ್ಚುಗಳಲ್ಲಿ ಮಕ್ಕಳಿಗೆ ತೋರಿಸಿದರು. ಅದನ್ನು ನೋಡಿ ಬೆಳೆದ ಅನೇಕರು ದೊಡ್ಡವರಾದ ಮೇಲೆ ಬರೆದುಕೊಂಡಿದ್ದಾರೆ: ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಎಲ್ಲರೂ ಹೋಗಿಬಿಟ್ಟರು, ನಾನೊಬ್ಬನೇ ಉಳಿದೆ ಎಂದು ನಡುಗುತ್ತಿದ್ದರಂತೆ. ಈಗ ನಮ್ಮ ಮನೆಗಳನ್ನು ನೋಡಿ. ತಾಯಿ ಬೀಡಿ ಕೊಡಲು ಹೋಗಿರುತ್ತಾಳೆ, ಗೋಡಂಬಿ ಕಾರ್ಖಾನೆಗೆ ಹೋಗಿರುತ್ತಾಳೆ, ಹಾಲು ಡಿಪೋಗೆ ಹೋಗಿರುತ್ತಾಳೆ, ಸಂಘದ ಹಣ ಕಟ್ಟಲು ಬ್ಯಾಂಕಿನಲ್ಲಿ ನಿಂತಿರುತ್ತಾಳೆ. ದುಡಿಯುವ ತಾಯಿಯ ಮನೆ ಸಂಜೆ ನಾಲ್ಕಕ್ಕೆ ಖಾಲಿ ಇರುವುದು ಸಹಜ. ಆ ಖಾಲಿ ಮನೆಯನ್ನೇ ಒಂದು ಕಥೆ ಶಿಕ್ಷೆಯ ಗುರುತಾಗಿ ಮಾಡಿದರೆ ಅದು ಮಗುವಿಗೂ ಅನ್ಯಾಯ, ತಾಯಿಗೂ ಅನ್ಯಾಯ.

ಎರಡನೆಯದು, ಜನರನ್ನು ಎರಡೇ ಗೂಟಕ್ಕೆ ಕಟ್ಟುವುದು. ಪ್ರಾರ್ಥನೆ ಹೇಳುವ ಮೊದಲು ಪಾತ್ರ ಕೆಟ್ಟದ್ದು, ಹೇಳಿದ ಮೇಲೆ ಒಳ್ಳೆಯದು. ನಿಧಾನವಾಗಿ ಬದಲಾಗುವವರು, ಅರ್ಧ ನಂಬುವವರು, ನಂಬದಿದ್ದರೂ ನೆರೆಯವರ ಕಷ್ಟಕ್ಕೆ ಓಡುವವರು, ಇಂಥವರಿಗೆ ಕಥೆಯಲ್ಲಿ ಜಾಗ ಕಡಿಮೆ. ಬೇರೆ ಧರ್ಮದವರ ವಿಷಯ ಇನ್ನೂ ಕಷ್ಟ. ಯೆಹೂದ್ಯರು ಅಲ್ಲಿ ಹೆಚ್ಚಾಗಿ ಮತಾಂತರ ಆಗಬೇಕಾದವರಾಗಿ ಬರುತ್ತಾರೆ. ಕಥೋಲಿಕರಾದ ನಮ್ಮನ್ನೂ ಬಿಟ್ಟಿಲ್ಲ. ದೊಡ್ಡವರ ಸರಣಿಯಲ್ಲಿ ಮಾಯವಾಗುವವರಲ್ಲಿ ಪೋಪ್ ಕೂಡ ಇದ್ದಾರೆ, ಆದರೆ ಅವರು ಮಾರ್ಟಿನ್ ಲೂಥರರ ಕಡೆ ವಾಲಿದವರಾದ್ದರಿಂದ ಹೋದರು ಎಂಬಂತೆ ಬರೆದಿದ್ದಾರೆ. ಉಳಿದುಹೋದ ಒಬ್ಬ ಕಾರ್ಡಿನಲ್ ಆಮೇಲೆ ಸುಳ್ಳು ಧರ್ಮದ ಮುಖ್ಯಸ್ಥನಾಗುತ್ತಾನೆ. 2003ರಲ್ಲಿ ಇಲಿನಾಯ್ ರಾಜ್ಯದ ಕಥೋಲಿಕ ಧರ್ಮಾಧ್ಯಕ್ಷರುಗಳು ಈ ಪುಸ್ತಕಗಳು ಕಥೋಲಿಕ ವಿರೋಧಿ ಎಂದು ವಿಶ್ವಾಸಿಗಳನ್ನು ಎಚ್ಚರಿಸಬೇಕಾಯಿತು. ಪುಸ್ತಕ ಪ್ರಕಟಿಸಿದ ಟಿಂಡೇಲ್ ಹೌಸ್ ಇರುವುದೂ ಅದೇ ರಾಜ್ಯದಲ್ಲಿ.

ಆದರೆ ನಮ್ಮನ್ನು ಬೈದಿದ್ದಾರೆ ಎಂಬುದು ನಮ್ಮ ದೊಡ್ಡ ತಕರಾರಲ್ಲ. ಬೈಗಳು ತಿಂದು ಅಭ್ಯಾಸ ಇದೆ. ದೊಡ್ಡ ತಕರಾರು ಇದು: ಈ ಕಥೆಯ ಖಳನಾಯಕ ನಿಕೊಲಾಯ್ ಕಾರ್ಪೇಥಿಯಾ ವಿಶ್ವಸಂಸ್ಥೆಯ ಮುಖ್ಯಸ್ಥನಾಗುತ್ತಾನೆ. ಶಾಂತಿ ಬೇಕು, ಆಯುಧ ಕೆಳಗಿಡಿ, ಮರುಭೂಮಿಯಲ್ಲೂ ಬೆಳೆ ಬೆಳೆಯೋಣ, ಎಲ್ಲರೂ ಒಂದಾಗೋಣ ಎಂದು ಹೇಳುತ್ತಾನೆ. ಅವನೇ ಕ್ರಿಸ್ತವಿರೋಧಿ! ಸುಳ್ಳು ಶಾಂತಿದೂತರು ಇರುವುದು ನಿಜ. ಆದರೆ 40 ಪುಸ್ತಕ ಓದಿದ ಮಗುವಿನ ಮನಸ್ಸಿನಲ್ಲಿ ಉಳಿಯುವುದೇನು? ಶಾಂತಿ, ಸೌಹಾರ್ದ, ಹಸಿದವರಿಗೆ ಅನ್ನ ಎಂದು ಯಾರಾದರೂ ಮಾತಾಡಿದರೆ ಅವರ ಮೇಲೆ ಸಂಶಯ ಪಡಬೇಕು ಎಂಬುದು. ಮೂರು ಧರ್ಮದ ಹೆಂಗಸರು ಒಂದೇ ಚಾಪೆಯಲ್ಲಿ ಕೂತು, ಒಬ್ಬರ ಸಾಲಕ್ಕೆ ಇನ್ನೊಬ್ಬರು ಜವಾಬ್ದಾರರಾಗುವ ನಮ್ಮ ಸಂಘಗಳನ್ನು ಆ ಮಗು ಹೇಗೆ ನೋಡೀತು? ಸಂಘಕ್ಕೆ ಏನು ಸಂಬಂಧ ಎಂದು ಕೇಳಿದವರಿಗೆ ಇದೇ ಉತ್ತರ.

ಸರಿ, ‘ಬೈಬಲಿನಲ್ಲಿ ಇರುವುದನ್ನೇ ಬರೆದಿದ್ದಾರಲ್ಲ’ ಎಂದು ಕೇಳಬಹುದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ವಿಶ್ವಾಸಿಗಳು ಮೊದಲೇ ಗುಟ್ಟಾಗಿ ಮಾಯವಾಗಿ, ಆಮೇಲೆ ಏಳು ವರ್ಷ ಸಂಕಟ ಎಂಬ ಬೋಧನೆ ಧರ್ಮಸಭೆಯಲ್ಲಿ ಹಿಂದಿನಿಂದ ಬಂದದ್ದಲ್ಲ. 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬವರು, ಮೊದಲು ಐರ್ಲೆಂಡಿನಲ್ಲಿ ಪಾದ್ರಿಯಾಗಿದ್ದವರು, ಇದನ್ನು ಹರಡಿದರು. 1909ರಲ್ಲಿ ಸ್ಕೋಫೀಲ್ಡ್ ಎಂಬವರು ಟಿಪ್ಪಣಿಗಳ ಸಹಿತ ಹೊರತಂದ ಬೈಬಲಿನಿಂದ ಅಮೆರಿಕದ ಮನೆಮನೆಗೂ ಹೋಯಿತು. ನಮ್ಮ ಕಥೋಲಿಕ ಧರ್ಮೋಪದೇಶ ಗ್ರಂಥ (1992) ಹೇಳುವುದು ಬೇರೆ: ಕ್ರಿಸ್ತರು ಬರುವುದು ನಿಜ, ದಿನ ಯಾರಿಗೂ ಗೊತ್ತಿಲ್ಲ, ಕೊನೆಯ ಪರೀಕ್ಷೆ ಧರ್ಮಸಭೆಗೂ ಇದೆ. ಅಂದರೆ ಕಷ್ಟ ಬರುವಾಗ ನಮ್ಮನ್ನು ಮಾತ್ರ ಮೇಲೆತ್ತಿಕೊಂಡು ಲೋಕವನ್ನು ಬಿಟ್ಟುಬಿಡುತ್ತಾರೆ ಎಂದು ನಮಗೆ ಕಲಿಸಿಲ್ಲ.

ಸಂತ ಪೌಲರು ಥೆಸಲೋನಿಯರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೇ ಅಧ್ಯಾಯವನ್ನು ಎಲ್ಲರೂ ತೋರಿಸುತ್ತಾರೆ. ಪ್ರಭುವನ್ನು ಎದುರುಗೊಳ್ಳಲು ನಾವು ಮೇಘಗಳಲ್ಲಿ ಎತ್ತಲ್ಪಡುವೆವು ಎಂಬ ಅರ್ಥದ ಮಾತು ಅಲ್ಲಿದೆ. ಆದರೆ ಪೌಲರು ಅದನ್ನು ಯಾರಿಗೆ ಬರೆದರು? ಸತ್ತುಹೋದ ತಮ್ಮವರ ಗತಿ ಏನು ಎಂದು ದುಃಖದಲ್ಲಿದ್ದವರಿಗೆ, ಸಮಾಧಾನ ಹೇಳಲು ಬರೆದರು. ಇನ್ನು ಆ ‘ಎದುರುಗೊಳ್ಳುವುದು’ ಎಂಬ ಮಾತು ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ದೊಡ್ಡವರು ಊರಿಗೆ ಬರುವಾಗ ಜನ ಊರ ಹೊರಗೆ ಹೋಗಿ ಅವರನ್ನು ಸ್ವಾಗತಿಸಿ ಒಳಗೆ ಕರೆತರುತ್ತಿದ್ದರು. ನಾವೂ ಹಾಗೇ ಅಲ್ವಾ? ಧರ್ಮಾಧ್ಯಕ್ಷರು ಬರುವಾಗ ಬ್ಯಾಂಡ್ ಸೆಟ್ ಹಿಡಿದು ರಸ್ತೆಯ ತುದಿಗೆ ಹೋಗುತ್ತೇವೆ. ದಿಬ್ಬಣ ಬರುವಾಗ ಚಪ್ಪರದ ಹೊರಗೆ ಹೋಗಿ ನಿಲ್ಲುತ್ತೇವೆ. ಎದುರುಗೊಂಡ ಮೇಲೆ ಅವರನ್ನು ಮನೆಗೆ ಕರೆತರುವುದು ಕ್ರಮ. ಊರನ್ನು ಸುಡಲು ಬಿಟ್ಟು ಅವರ ಜೊತೆ ವಾಹನ ಹತ್ತಿ ಓಡಿಹೋಗುವ ಕ್ರಮ ಎಲ್ಲೂ ಇಲ್ಲ!

ಇನ್ನೊಂದು, ಮತ್ತಾಯನ ಶುಭಸಂದೇಶದ 24ನೇ ಅಧ್ಯಾಯ. ಬೀಸುವ ಕಲ್ಲಿನ ಹತ್ತಿರ ಇಬ್ಬರು ಹೆಂಗಸರು, ಒಬ್ಬಳನ್ನು ಒಯ್ಯಲಾಗುತ್ತದೆ, ಒಬ್ಬಳು ಉಳಿಯುತ್ತಾಳೆ. ಒಯ್ದವಳು ಪುಣ್ಯವಂತೆ, ಉಳಿದವಳು ಪಾಪಿ ಎಂದು ಈ ಕಥೆಗಾರರು ಓದುತ್ತಾರೆ. ಆದರೆ ಅದಕ್ಕೆ ಸ್ವಲ್ಪ ಮೊದಲು ಯೇಸು ನೋವನ ಕಾಲದ ಮಾತು ಹೇಳಿದ್ದಾರೆ. ನೆರೆ ಬಂದು ಒಯ್ದದ್ದು ಯಾರನ್ನು? ಎಚ್ಚರ ಇಲ್ಲದವರನ್ನು. ಉಳಿದವರು ನೋವ ಮತ್ತು ಅವನ ಮನೆಯವರು. ಆದ್ದರಿಂದ ಇಲ್ಲಿ ಉಳಿದವಳೇ ಸುರಕ್ಷಿತಳು ಎಂದು ಓದುವ ಬೈಬಲ್ ಪಂಡಿತರೂ ಬಹಳ ಮಂದಿ ಇದ್ದಾರೆ. ಅದೇ ಅಧ್ಯಾಯದ ಕೊನೆಗೆ ಬನ್ನಿ. ಯಜಮಾನ ಬಂದಾಗ ಒಳ್ಳೆಯ ಸೇವಕ ಏನು ಮಾಡುತ್ತಿರುತ್ತಾನೆ? ಆಕಾಶ ನೋಡುತ್ತಾ ನಿಂತಿಲ್ಲ, ದಿನ ಲೆಕ್ಕ ಹಾಕುತ್ತಿಲ್ಲ. ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿರುತ್ತಾನೆ! ಈ ಕೆಲಸ ನಮ್ಮಲ್ಲಿ ಯಾರು ಮಾಡುವುದು ಎಂದು ನಿಮಗೇ ಗೊತ್ತು.

ಥೆಸಲೋನಿಕದಲ್ಲಿ ಕೆಲವರು ದುಡಿಮೆ ಬಿಟ್ಟು ಸೋಮಾರಿಗಳಾಗಿ ತಿರುಗುತ್ತಿದ್ದರು. ಪ್ರಭುವಿನ ದಿನ ಬಂದೇ ಬಿಟ್ಟಿತು ಎಂಬ ಗಲಿಬಿಲಿಯೂ ಆ ಊರಿನಲ್ಲಿತ್ತು. ಎರಡನೆಯ ಪತ್ರದಲ್ಲಿ ಪೌಲರು ಅಂಥವರಿಗೆ ಸರಿಯಾಗಿಯೇ ಹೇಳಿದರು: ಸುಮ್ಮನೆ ತಿರುಗಬೇಡಿ, ದುಡಿದು ಉಣ್ಣಿ. ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕಟ್ಟಿ ಸಂಘ ಬೆಳೆಸಿದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಏಳು ವರ್ಷದಲ್ಲಿ ಲೋಕ ಮುಗಿಯುವ ಕಥೆಯಲ್ಲಿ ಮಕ್ಕಳಿಗೆ ಮುಂದೆ ಓದು, ಕೆಲಸ, ಮದುವೆ, ಮುಪ್ಪು ಯಾವುದಕ್ಕೂ ಅರ್ಥ ಇರುವುದಿಲ್ಲ. ಬಾವಿ ತೋಡಿ ಏನು, ಗಿಡ ನೆಟ್ಟು ಏನು? 2015ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸಿ’ ಎಂಬ ಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದು ಕಾಪಾಡಲು ಕೇಳಿಕೊಂಡದ್ದಕ್ಕೆ ಇದು ಪೂರ್ತಿ ವಿರುದ್ಧ.

ಪ್ರಕಟನಾ ಗ್ರಂಥದ ಬಗ್ಗೆ ಒಂದು ಮಾತು. ಅದನ್ನು ಈ ಕಾದಂಬರಿಗಳು ಮುಂದಿನ ವರ್ಷಗಳ ಪಂಚಾಂಗದ ಹಾಗೆ ಓದುತ್ತವೆ. ಅದು ಪತ್ಮೋಸ್ ದ್ವೀಪದಿಂದ, ಈಗಿನ ಟರ್ಕಿ ದೇಶದಲ್ಲಿದ್ದ ಏಳು ಧರ್ಮಸಭೆಗಳಿಗೆ ಬರೆದದ್ದು. ರೋಮ್ ಸಾಮ್ರಾಜ್ಯದ ಕಾಟದಲ್ಲಿ ಧೈರ್ಯ ಕೆಡಬೇಡಿ ಎಂದು ಹೇಳಲು ಚಿತ್ರಗಳ ಭಾಷೆಯಲ್ಲಿ ಬರೆದದ್ದು. ‘ಕ್ರಿಸ್ತವಿರೋಧಿ’ ಎಂಬ ಪದ ಇಡೀ ಪ್ರಕಟನಾ ಗ್ರಂಥದಲ್ಲಿ ಇಲ್ಲ ಎಂದರೆ ನೀವು ನಂಬುವುದಿಲ್ಲ. ಅದು ಬರುವುದು ಯೊವಾನ್ನರ ಪತ್ರಗಳಲ್ಲಿ ಮಾತ್ರ. ಗ್ರಂಥದ ಕೊನೆಯಲ್ಲಿ ದೇವರ ನಗರ ಕೆಳಗೆ ಇಳಿದು ಬರುತ್ತದೆ, ಅಳುವವರ ಕಣ್ಣೀರು ಒರೆಸಲ್ಪಡುತ್ತದೆ. ಮಕ್ಕಳಿಗೆ ಮೊದಲು ಆ ಪುಟ ಓದಿ ಹೇಳಬೇಕು.

ದಿನ ಹೇಳಿದವರ ಕಥೆಯೂ ನಮಗೆ ಹೊಸದಲ್ಲ. ವಿಲಿಯಂ ಮಿಲ್ಲರ್ ಎಂಬವರ ಅನುಯಾಯಿಗಳು ಅಮೆರಿಕದಲ್ಲಿ 1844ರ ಅಕ್ಟೋಬರ್ 22ರಂದು ಕಾದು ಕೂತರು, ಬೆಳಗಾಯಿತು ಅಷ್ಟೆ. ಹೆರಾಲ್ಡ್ ಕ್ಯಾಂಪಿಂಗ್ ಎಂಬವರು 2011ರ ಮೇ 21 ಎಂದರು, ಆಮೇಲೆ ಅಕ್ಟೋಬರ್ 21 ಎಂದರು. ನಮ್ಮ ಹಿರಿಯ ಸಹೋದರಿಯರಿಗೆ 1962ರ ಫೆಬ್ರವರಿಯ ಅಷ್ಟಗ್ರಹ ಕೂಟದ ಗಾಬರಿ ಕೇಳಿ ಗೊತ್ತಿರಬಹುದು. 2012ರ ಡಿಸೆಂಬರಿನಲ್ಲಿ ಟಿವಿಯವರು ಪ್ರಳಯ ಪ್ರಳಯ ಎಂದು ಬೊಬ್ಬೆ ಹೊಡೆದದ್ದು ಎಲ್ಲರಿಗೂ ನೆನಪಿದೆ. ನಮ್ಮ ಕಥೋಲಿಕ ಮನೆಗಳೇನೂ ಕಡಿಮೆ ಇಲ್ಲ. ಮೂರು ದಿನ ಕತ್ತಲೆ ಬರುತ್ತದೆ, ಮಂತ್ರಿಸಿದ ಮೇಣದ ಬತ್ತಿ ಮಾತ್ರ ಉರಿಯುತ್ತದೆ ಎಂಬ ಚೀಟಿಗಳು ಜಪಸರದ ಪುಸ್ತಕದ ಒಳಗೆ ಇನ್ನೂ ಸಿಗುತ್ತವೆ. ಅದು ಧರ್ಮಸಭೆಯ ಬೋಧನೆ ಅಲ್ಲ. ಅಮೆರಿಕದ ಪುಸ್ತಕವನ್ನು ದೂರುವ ಮೊದಲು ಅಂಥ ಚೀಟಿ ಮನೆಯಲ್ಲಿದ್ದರೆ ತೆಗೆದುಹಾಕುವುದು ಒಳ್ಳೆಯದು.

ಹಾಗಾದರೆ ಲೋಕಾಂತ್ಯದ ಕಥೆಯೇ ಮಕ್ಕಳಿಗೆ ಬೇಡವೇ? ಹಾಗೇನೂ ಇಲ್ಲ. ಸಿ. ಎಸ್. ಲೂಯಿಸ್ ಎಂಬ ಇಂಗ್ಲಿಷ್ ಲೇಖಕರು 1956ರಲ್ಲಿ ‘ದ ಲಾಸ್ಟ್ ಬ್ಯಾಟಲ್’ ಬರೆದರು. ನಾರ್ನಿಯಾ ಕಥೆಗಳ ಕೊನೆಯ ಪುಸ್ತಕ. ಅದರಲ್ಲೂ ಒಂದು ಲೋಕ ಮುಗಿಯುತ್ತದೆ, ನಕ್ಷತ್ರಗಳು ಉದುರುತ್ತವೆ. ಆದರೆ ಅಲ್ಲಿ ಎಮೆತ್ ಎಂಬ ಶತ್ರು ಸೈನ್ಯದ ಯುವಕ ಬರುತ್ತಾನೆ. ಜೀವನಪೂರ್ತಿ ಬೇರೆ ದೇವರನ್ನು ಪ್ರಾಮಾಣಿಕವಾಗಿ ಪೂಜಿಸಿದವನು. ಕ್ರಿಸ್ತರ ಜಾಗದಲ್ಲಿರುವ ಅಸ್ಲನ್ ಸಿಂಹ ಅವನನ್ನು ತಳ್ಳುವುದಿಲ್ಲ, ಸ್ವೀಕರಿಸುತ್ತದೆ. ಆ ಪುಸ್ತಕದಲ್ಲೂ ದೋಷ ಇದೆ. ಶತ್ರುಗಳನ್ನು ಕಪ್ಪು ಬಣ್ಣದವರಾಗಿ ತೋರಿಸಿದ್ದು, ಸೂಸನ್ ಎಂಬ ಹುಡುಗಿಗೆ ಅಲಂಕಾರದ ಮೇಲೆ ಆಸೆ ಬಂತೆಂದು ಅವಳನ್ನು ಹೊರಗಿಟ್ಟದ್ದು, ಇವನ್ನು ಓದುಗರು ಬಹಳ ಕಾಲದಿಂದ ಟೀಕಿಸಿದ್ದಾರೆ. ನಮಗೂ ಸೂಸನ್ ವಿಷಯದಲ್ಲಿ ಬೇಸರ ಇದೆ. ಆದರೂ ಪಕ್ಕದ ಮನೆಯ ಅಕ್ಕನ ಬಗ್ಗೆ ಕೇಳಿದ ಆ ಮಗುವಿಗೆ ಎಮೆತನ ಕಥೆ ಹೇಳಬಹುದು. ಮತ್ತಾಯನ 25ನೇ ಅಧ್ಯಾಯವನ್ನೂ ಓದಿ ಹೇಳಬಹುದು. ಅಲ್ಲಿ ಅಂತಿಮ ತೀರ್ಪಿನ ದಿನ ಕೇಳುವ ಪ್ರಶ್ನೆಗಳು ಅನ್ನ, ನೀರು, ಬಟ್ಟೆ, ರೋಗಿ, ಸೆರೆಯಾಳು ಇವರ ಬಗ್ಗೆ. ಆ ತಾಯಿ ಹೇಳಿದ ಪ್ರಕಾರ, ಅದನ್ನು ಓದಿದ ಮೇಲೆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಸಿನೀರು ಕಾಯಿಸಿದ್ದೂ ಲೆಕ್ಕಕ್ಕೆ ಬರುತ್ತದಾ?’ ಎಂದು ಕೇಳಿದಳಂತೆ.

ಸಭೆಯಲ್ಲಿ ಒಬ್ಬರು ‘ಪುಸ್ತಕ ಒಲೆಗೆ ಹಾಕುವುದಾ?’ ಎಂದು ಕೇಳಿದರು. ಬೇಡ. ಕಿತ್ತುಕೊಂಡರೆ ಮಗು ಮೊಬೈಲಿನಲ್ಲಿ ನೋಡುತ್ತದೆ, ಆಗ ನಿಮ್ಮ ಹತ್ತಿರ ಕೇಳುವುದೂ ಇಲ್ಲ. ಇಂಗ್ಲಿಷ್ ಬಾರದಿದ್ದರೆ ಮಗುವಿನ ಹತ್ತಿರವೇ ಕಥೆ ಹೇಳಿಸಿ, ಸಂಜೆ ಅಡುಗೆ ಮಾಡುತ್ತಾ ಕೇಳಿ. ‘ಈ ಪುಸ್ತಕದಲ್ಲಿ ಅಜ್ಜಿಯಂಥವರು ಯಾರಿದ್ದಾರೆ? ಬೇರೆ ಧರ್ಮದ ಒಳ್ಳೆಯವರು ಯಾರಿದ್ದಾರೆ?’ ಎಂದು ಕೇಳಿ ನೋಡಿ. ಮಲಗುವ ಹೊತ್ತಿನಲ್ಲಿ ಮಾತ್ರ ಇಂಥ ಪುಸ್ತಕ ಬೇಡ. ಸಭೆಗೆ ಹೋಗುವ ದಿನ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮಗುವಿಗೆ ಹೇಳಿ ಹೋಗಿ. ತಡವಾದರೆ ಪಕ್ಕದ ಮನೆಗೆ ಫೋನ್ ಮಾಡಿ. ಹೆದರಿಕೆ ವಾರಗಟ್ಟಲೆ ಹೋಗದಿದ್ದರೆ, ನಿದ್ದೆ ಊಟ ಕೆಟ್ಟರೆ, ಆಪ್ತ ಸಮಾಲೋಚಕರಿಗೋ ವೈದ್ಯರಿಗೋ ತೋರಿಸಿ, ಬರೀ ಪ್ರಾರ್ಥನೆಗೆ ಬಿಡಬೇಡಿ.

ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬರೂ ನಿಮ್ಮ ಮಕ್ಕಳು ಈಗ ಓದುತ್ತಿರುವ ಒಂದು ಪುಸ್ತಕ ತನ್ನಿ. ಕನ್ನಡ, ಕೊಂಕಣಿ, ಇಂಗ್ಲಿಷ್ ಯಾವುದಾದರೂ ಆಗಬಹುದು, ಪಠ್ಯಪುಸ್ತಕ ಮಾತ್ರ ಬೇಡ. ಓದುವುದು ಮೊಬೈಲಿನಲ್ಲೇ ಆದರೆ ಅದರ ಹೆಸರು ಬರೆದು ತನ್ನಿ. ಉಳಿತಾಯ ಸಂಗ್ರಹ, ಸಾಲದ ಅರ್ಜಿ ಮುಗಿದ ಮೇಲೆ ಅರ್ಧ ಗಂಟೆ ಅದಕ್ಕೇ ಇಡೋಣ ಎಂದು ಒಕ್ಕೂಟದ ನಿರ್ಣಯ ಪುಸ್ತಕದಲ್ಲಿ ಬರೆದಾಗಿದೆ.